ಲಿನೋಲಿಯಂ ಹಾಳೆಯ ಮೇಲೊಂದು ಪಾಠ

ಆನೆಗೆ ಹಸುರು ಬಣ್ಣವನ್ನು ಬಳಿಯಲು ಲೇಶವೂ ಅಂಜದಿದ್ದ ಮಗು, ಹನ್ನೊಂದು ಹನ್ನೆರಡರ ಪ್ರಾಯಕ್ಕೆ ಕಾಲಿಟ್ಟೊಡನೆ ತನ್ನ ಚಿತ್ರವನ್ನು ವಸ್ತುವಿನೊಡನೆ ಹೋಲಿಸಿ ನೋಡಿ, ಸಾದೃಶ್ಯವು ಸಾಲದೆಂದು ಹತಾಶವಾಗಿ, ‘ನನಗೆ ಚಿತ್ರ ಬರೆಯಲು ಬಾರದು’ ಎಂದು ಕುಂಚವನ್ನು ಕೆಳಗಿಡುವುದನ್ನು ಚಿತ್ರೋಪಾಧ್ಯಾಯರೆಲ್ಲರೂ ಬಲ್ಲರು. ಆಸ್ಟ್ರಿಯಾ ಮೂಲದ ವಿಕ್ಟರ್ ಲೋವೆನ್‌ಫೆಲ್ಡನು 1947ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ವಯೋಘಟ್ಟವನ್ನು ವಿವೇಚಿಸಿರುವನು.

ಮಾಧ್ಯಮಿಕ ತರಗತಿಗಳಲ್ಲಿ ಅಚ್ಚಿನ ಚಿತ್ರಕ್ಕೆ, ಅದರಲ್ಲಿಯೂ ಲಿನೋಲಿಯಂ ಹಾಳೆಯನ್ನು ಕೊರೆದು, ಮಸಿ ಬಳಿದು ಕಾಗದಕ್ಕೆ ಒತ್ತುವ ಲಿನೋಕಟ್ಟಿಗೆ, ಇಷ್ಟು ಮನ್ನಣೆ ದೊರೆತುದಕ್ಕೆ ಕಾರಣವು ಇಲ್ಲಿಯೇ ಇದೆಯೆಂದು ನನ್ನ ಎಣಿಕೆ. 1897ರಲ್ಲಿ ವಿಯೆನ್ನಾ ನಗರದಲ್ಲಿ ಮಕ್ಕಳಿಗಾಗಿಯೇ ಕಲಾತರಗತಿಯನ್ನು ತೆರೆದ ಫ್ರಾಂಟ್ಸ್ ಚಿಜೆಕನು, ನೆಲಕ್ಕೆ ಹಾಸುವುದಕ್ಕೆಂದು ಹುಟ್ಟಿದ ಲಿನೋಲಿಯಮ್ಮನ್ನು ಅವರ ಕೈಗಿತ್ತು ಕೊರೆಯಿಸಿದನು. ಮೃದುವಾದ ಆ ಹಾಳೆಯಲ್ಲಿ ಕೊರೆದ ಭಾಗವು ಬಿಳಿದಾಗಿಯೂ, ಉಳಿದ ಭಾಗವು ಮಸಿಯನ್ನು ಹೊತ್ತು ಕಪ್ಪಾಗಿಯೂ ಮೂಡುವುದರಿಂದ, ಛಾಯಾಚಿತ್ರದಂತೆ ಬರೆಯಬೇಕೆಂಬ ಹಂಬಲಕ್ಕೆ ಅಲ್ಲಿ ಎಡೆಯೇ ಇಲ್ಲ. ಹೋಲಿಕೆಯ ಭೀತಿಯೂ ತಾನಾಗಿ ತೊಲಗುವುದು.

ಆದರೆ ಅಚ್ಚು ಎಡಬಲ ತಿರುಗಿ ಬೀಳುತ್ತದೆ! ತನ್ನ ಹೆಸರನ್ನು ನೇರವಾಗಿ ಕೊರೆದ ಬಾಲಕನು ಕಾಗದವನ್ನೆತ್ತಿ ನೋಡಿ ಬೆಪ್ಪಾಗುವ ಆ ಗಳಿಗೆಯು ಕಲಿಸುವಷ್ಟನ್ನು ಯಾವ ಉಪನ್ಯಾಸವೂ ಕಲಿಸಲಾರದು. ಅಕ್ಷರವನ್ನು ಕನ್ನಡಿಗೆ ಹಿಡಿದು ನೋಡುವ ಉಪಾಯವು ಅವನಿಗೆ ಆಮೇಲೆ ಹೊಳೆಯುತ್ತದೆ.

ಹಾಳೆ ದೊರೆಯದ ಊರುಗಳಲ್ಲಿ ಆಲೂಗಡ್ಡೆಯೋ ಅಡ್ಡವಾಗಿ ಕೊಯ್ದ ಬೆಂಡೆಕಾಯಿಯೋ ಸಾಕು. ಲಿನೋ ಕೊರೆಯಿಸುವ ಉಪಾಧ್ಯಾಯರಲ್ಲಿ ಮಾತ್ರ ಒಂದು ಬಿನ್ನಹ: ಉಳಿಯು ಸದಾ ಮೈಯಿಂದ ಆಚೆಗೆ ಸಾಗಲಿ, ಹಾಳೆಯನ್ನು ಒತ್ತಿಹಿಡಿದ ಕೈ ಉಳಿಯ ಹಿಂದೆಯೇ ಇರಲಿ.