ಮಿತವ್ಯಯದಲ್ಲಿ ಎರಡು ದಿನಗಳ ಬಾದಾಮಿ ಪ್ರವಾಸ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಬಾದಾಮಿಯು ಪ್ರಾಚೀನ ಕಾಲದಲ್ಲಿ ವಾತಾಪಿ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಕ್ರಿ.ಶ. 6ನೇ ಶತಮಾನದ ಮಧ್ಯಭಾಗದಿಂದ 8ನೇ ಶತಮಾನದ ಮಧ್ಯಭಾಗದವರೆಗೆ ಇದು ಚಾಲುಕ್ಯರ ರಾಜಧಾನಿಯಾಗಿತ್ತು. ಕೆಂಪು ಮರಳುಗಲ್ಲಿನ ಎರಡು ಬೆಟ್ಟಗಳು, ಅವುಗಳ ನಡುವೆ ಅಗಸ್ತ್ಯತೀರ್ಥವೆಂಬ ಕೆರೆ, ಕೆರೆಯ ಪಕ್ಕದಲ್ಲಿ ಊರು: ಇದು ಬಾದಾಮಿಯ ಸ್ವರೂಪ. ಗುಹಾಲಯಗಳು, ವಸ್ತುಸಂಗ್ರಹಾಲಯ, ಕೋಟೆ ಮತ್ತು ಕೆರೆಯ ದಡದ ದೇವಾಲಯಗಳು ಒಂದಕ್ಕೊಂದು ಕಾಲ್ನಡಿಗೆಯ ಅಂತರದಲ್ಲಿವೆ. ಆದುದರಿಂದ ಸ್ವಂತ ವಾಹನವಿಲ್ಲದ ಕುಟುಂಬವೂ ಶನಿವಾರ ಮತ್ತು ಭಾನುವಾರದ ಬಿಡುವಿನಲ್ಲಿ, ಕಡಿಮೆ ಖರ್ಚಿನಲ್ಲಿ ಈ ಊರನ್ನು ತೃಪ್ತಿಕರವಾಗಿ ನೋಡಬಹುದಾಗಿದೆ.

ತಲುಪುವ ಬಗೆ

ಬಾದಾಮಿಯು ಹುಬ್ಬಳ್ಳಿಯಿಂದ ಸುಮಾರು 105 ಕಿ.ಮೀ. ಹಾಗೂ ಬೆಂಗಳೂರಿನಿಂದ ಸುಮಾರು 450 ಕಿ.ಮೀ. ದೂರದಲ್ಲಿದೆ. ಗದಗ–ವಿಜಯಪುರ ರೈಲು ಮಾರ್ಗದಲ್ಲಿ ಬಾದಾಮಿ ನಿಲ್ದಾಣವಿದ್ದು, ಊರಿನಿಂದ ಸುಮಾರು 5 ಕಿ.ಮೀ. ಅಂತರದಲ್ಲಿದೆ. ನಿಲ್ದಾಣದಿಂದ ಆಟೋರಿಕ್ಷಾದಲ್ಲಿ ಹೊರಡುವ ಮೊದಲೇ ಬಾಡಿಗೆಯನ್ನು ನಿಗದಿಪಡಿಸಿಕೊಳ್ಳುವುದು ಒಳಿತು.

ಬೆಂಗಳೂರಿನಂತಹ ದೂರದ ಊರುಗಳಿಂದ ಬರುವವರು ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ಮರಳುವಂತೆ ಪ್ರಯಾಣವನ್ನು ಹೊಂದಿಸಿಕೊಂಡಲ್ಲಿ, ವಸತಿಗಾಗಿ ಒಂದೇ ರಾತ್ರಿಯ ಬಾಡಿಗೆ ತಗಲುತ್ತದೆ. ರೈಲಿನಲ್ಲಿ ಆಸನ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿಸಲಾಗಿದೆ. ವಾರಾಂತ್ಯದ ಬೇಡಿಕೆ ಹೆಚ್ಚಿರುವುದರಿಂದ ಈ ಅವಧಿಯ ಆರಂಭದಲ್ಲಿಯೇ ಟಿಕೆಟ್ ಪಡೆಯುವುದು ಸೂಕ್ತ.

ಪ್ರಯಾಣದಲ್ಲಿ ದೊರೆಯುವ ಸೌಲಭ್ಯಗಳು

1. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ರಾಜಹಂಸ, ಸ್ಲೀಪರ್ ಹಾಗೂ ಹವಾನಿಯಂತ್ರಿತ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿಯನ್ನು ನಿರ್ವಾಹಕರಿಗೆ ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯತಕ್ಕದ್ದು.

2. 60 ವರ್ಷ ಮೇಲ್ಪಟ್ಟ ಹಿರಿಯ ನಾಗರಿಕರಿಗೆ ರಾಜ್ಯ ರಸ್ತೆ ಸಾರಿಗೆ ಬಸ್ಸುಗಳಲ್ಲಿ ಶೇಕಡ 25ರಷ್ಟು ರಿಯಾಯಿತಿ ಇದೆ. ವಯಸ್ಸಿನ ದಾಖಲೆ ಜೊತೆಯಲ್ಲಿರಬೇಕು.

ಪ್ರವೇಶ ಶುಲ್ಕ ಮತ್ತು ವಸತಿ

ಗುಹಾಲಯಗಳು ಮತ್ತು ವಸ್ತುಸಂಗ್ರಹಾಲಯವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅಧೀನದಲ್ಲಿವೆ. 2018ರಲ್ಲಿ ನಿಗದಿಯಾದಂತೆ ಭಾರತೀಯರಿಗೆ ಬಾದಾಮಿ ಗುಹಾಲಯಗಳಿಗೆ 25 ರೂ. ಹಾಗೂ ವಿಶ್ವ ಪರಂಪರೆಯ ತಾಣವಾದ ಪಟ್ಟದಕಲ್ಲಿಗೆ 40 ರೂ. ಪ್ರವೇಶ ಶುಲ್ಕವಿದ್ದು, ನಗದುರಹಿತವಾಗಿ ಪಾವತಿಸಿದಲ್ಲಿ 5 ರೂ. ಕಡಿತ ದೊರೆಯುತ್ತದೆ. ದರಗಳು ಪರಿಷ್ಕರಣೆಗೆ ಒಳಪಡುವುದರಿಂದ ಟಿಕೆಟ್ ಕೌಂಟರಿನ ಫಲಕದಲ್ಲಿ ಖಚಿತಪಡಿಸಿಕೊಳ್ಳುವುದು. 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ ಇರುವುದರಿಂದ ವಾರಾಂತ್ಯದ ಪ್ರವಾಸಿಗರಿಗೆ ಅಡಚಣೆಯಾಗದು.

ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲ್ ಮಯೂರ ಚಾಲುಕ್ಯದಲ್ಲಿ ಕೊಠಡಿಗಳನ್ನು ಮುಂಗಡವಾಗಿ ಕಾಯ್ದಿರಿಸಬಹುದು. ಬಸ್ ನಿಲ್ದಾಣದ ಸುತ್ತಮುತ್ತ ಸಾಧಾರಣ ದರದ ಖಾಸಗಿ ವಸತಿಗೃಹಗಳೂ ಇವೆ. ಊರಿನೊಳಗೆ ಉಳಿದುಕೊಂಡಲ್ಲಿ ಆಟೋರಿಕ್ಷಾದ ಖರ್ಚು ಬಹುಮಟ್ಟಿಗೆ ಉಳಿಯುತ್ತದೆ. ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಎಣಗಾಯಿ ಪಲ್ಯ ಮತ್ತು ಶೇಂಗಾ ಚಟ್ನಿಯ ಊಟ ಮಿತದರದಲ್ಲಿ ದೊರೆಯುತ್ತದೆ.

ಮೊದಲನೆಯ ದಿನ: ಬಾದಾಮಿ

ಬೆಳಗ್ಗೆ ದಕ್ಷಿಣದ ಬೆಟ್ಟದಲ್ಲಿರುವ ನಾಲ್ಕು ಗುಹಾಲಯಗಳಿಂದ ಆರಂಭಿಸುವುದು ಅನುಕೂಲಕರ. ಬಿಸಿಲೇರುವ ಮುನ್ನ ಮೆಟ್ಟಿಲು ಹತ್ತುವುದು ಮಕ್ಕಳಿಗೂ ವೃದ್ಧರಿಗೂ ಸುಲಭ. ಮೊದಲನೆಯ ಗುಹೆ ಶಿವನಿಗೆ ಸೇರಿದ್ದು. ಹದಿನೆಂಟು ಕೈಗಳ ನಟರಾಜನ ಮೂರ್ತಿ ಇಲ್ಲಿದೆ. ಎರಡು ಮತ್ತು ಮೂರನೆಯವು ವೈಷ್ಣವ ಗುಹೆಗಳು, ನಾಲ್ಕನೆಯದು ಜೈನ ಗುಹೆ. ಮೂರನೆಯ ಗುಹೆಯು ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಮಂಗಳೇಶನ ಶಾಸನವಿದ್ದು, ಶಕವರ್ಷ 500 ಅಂದರೆ ಕ್ರಿ.ಶ. 578ರ ಕಾಲವನ್ನು ಸ್ಪಷ್ಟವಾಗಿ ಸೂಚಿಸುತ್ತದೆ. ಸಮಯ ಕಡಿಮೆಯಿದ್ದವರು ಹೆಚ್ಚಿನ ವೇಳೆಯನ್ನು ಈ ಗುಹೆಗೆ ಮೀಸಲಿಡುವುದು ಉಚಿತ.

ಮಧ್ಯಾಹ್ನ ಕೆರೆಯ ಉತ್ತರ ದಿಕ್ಕಿನ ವಸ್ತುಸಂಗ್ರಹಾಲಯವನ್ನು ನೋಡಬಹುದು. ಅಲ್ಲಿನ ಲಜ್ಜಾಗೌರಿಯ ಶಿಲ್ಪ ಪ್ರಸಿದ್ಧವಾದುದು. ಕೆರೆಯ ಈಶಾನ್ಯ ಭಾಗದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿಯ ಅತಿ ಪ್ರಾಚೀನ ಉದಾಹರಣೆಗಳಲ್ಲಿ ಇದೂ ಒಂದು. ಸಂಜೆಯ ವೇಳೆಗೆ ಕೆರೆಯ ಪೂರ್ವ ತುದಿಯ ಭೂತನಾಥ ದೇವಾಲಯಗಳಿಗೆ ಹೋಗುವುದು ಸೂಕ್ತ. ಪಡುವಣದ ಬಿಸಿಲು ಆಗ ನೇರವಾಗಿ ಗುಡಿಗಳ ಮೇಲೆ ಬೀಳುತ್ತದೆ.

ಎರಡನೆಯ ದಿನ: ಕೋಟೆ ಮತ್ತು ಪಟ್ಟದಕಲ್ಲು

ಮುಂಜಾನೆ ಉತ್ತರದ ಬೆಟ್ಟವನ್ನು ಏರಿ ಕೆಳಗಿನ ಮತ್ತು ಮೇಲಿನ ಶಿವಾಲಯಗಳನ್ನು ನೋಡಬಹುದು. ಇದೇ ಬೆಟ್ಟದ ಬಂಡೆಯೊಂದರ ಮೇಲೆ ಒಂದನೆಯ ಪುಲಕೇಶಿಯು ಕ್ರಿ.ಶ. 543ರಲ್ಲಿ ಈ ಕೋಟೆಯನ್ನು ಕಟ್ಟಿದುದನ್ನು ತಿಳಿಸುವ ಶಾಸನವಿದೆ. ಬಳಿಕ ಬಸ್ಸಿನಲ್ಲಿ ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲಿಗೆ ತೆರಳುವುದು. ಮರಳುವ ಕೊನೆಯ ಬಸ್ಸಿನ ಸಮಯವನ್ನು ಹೊರಡುವ ಮೊದಲೇ ಬಾದಾಮಿ ನಿಲ್ದಾಣದ ಸಂಚಾರ ನಿಯಂತ್ರಕರಲ್ಲಿ ವಿಚಾರಿಸಿಕೊಳ್ಳಬೇಕು.

ಈ ಎರಡು ಊರುಗಳನ್ನು ಒಂದೇ ಪ್ರವಾಸದಲ್ಲಿ ನೋಡುವುದರಿಂದ ಒಂದು ಶತಮಾನದ ಇತಿಹಾಸ ಮನದಟ್ಟಾಗುತ್ತದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಐಹೊಳೆಯ ಮೇಗುತಿ ದೇವಾಲಯದಲ್ಲಿ ಕವಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಶಾಸನಸ್ಥಗೊಳಿಸಿದನು. ಅದಾದ ಎಂಟು ವರ್ಷಗಳಲ್ಲಿಯೇ, ಅಂದರೆ ಕ್ರಿ.ಶ. 642ರಲ್ಲಿ, ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ವಶಪಡಿಸಿಕೊಂಡನು. ಆ ವಿಜಯದ ಶಾಸನವನ್ನು ಪಲ್ಲವರು ಬಾದಾಮಿಯ ಬಂಡೆಯ ಮೇಲೆಯೇ ಕೆತ್ತಿಸಿದರು. ಸುಮಾರು ನೂರು ವರ್ಷಗಳ ನಂತರ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಗೆದ್ದನು. ಆದರೆ ಊರನ್ನು ಹಾಳುಗೆಡವದೆ, ಅಲ್ಲಿನ ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ದೇವಾಲಯಕ್ಕೇ ಮರಳಿಸಿದನು. ಇಂದು ಕೈಲಾಸನಾಥ ಎಂದು ಕರೆಯಲಾಗುವ ಆ ದೇವಾಲಯದಲ್ಲಿ ಈ ಸಂಗತಿಯನ್ನು ತಿಳಿಸುವ ಕನ್ನಡ ಶಾಸನವಿದೆ. ಈ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ಅದನ್ನು ಕಟ್ಟಿದ ಶಿಲ್ಪಿಗಳಾದ ಗುಂಡ ಅನಿವಾರಿತಾಚಾರಿ ಮತ್ತು ಸರ್ವಸಿದ್ಧಿ ಆಚಾರಿಯ ಹೆಸರುಗಳೂ ಅಲ್ಲಿನ ಶಾಸನಗಳಲ್ಲಿ ಉಳಿದಿವೆ. ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಪಟ್ಟದಕಲ್ಲಿನ ಸ್ಮಾರಕ ಸಮೂಹವನ್ನು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಐಹೊಳೆಯನ್ನೂ ಅದೇ ದಿನ ಬಸ್ಸಿನಲ್ಲಿ ನೋಡಿ ಮುಗಿಸುವುದು ಪ್ರಯಾಸಕರ. ನಾಲ್ಕೈದು ಜನ ಸೇರಿ ವಾಹನವನ್ನು ಬಾಡಿಗೆಗೆ ಪಡೆದಲ್ಲಿ ಮಾತ್ರ ಅದು ಸಾಧ್ಯ. ಇಲ್ಲವಾದಲ್ಲಿ ಐಹೊಳೆಯನ್ನು ಮತ್ತೊಂದು ಪ್ರವಾಸಕ್ಕೆ ಉಳಿಸಿ, ಬಾದಾಮಿಗೆ ಸಮೀಪದ ಬನಶಂಕರಿ ದೇವಾಲಯಕ್ಕೆ ಭೇಟಿ ನೀಡಬಹುದು. ದೇವಾಲಯದ ಬಳಿ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ಹೊತ್ತು ತರುವ ಮಹಿಳೆಯರಿಂದ ಊಟ ಕೊಂಡಲ್ಲಿ ಅವರ ಜೀವನೋಪಾಯಕ್ಕೂ ನೆರವಾಗುತ್ತದೆ.

ಸೂಕ್ತ ಕಾಲ

ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ಅವಧಿ ಪ್ರಶಸ್ತ. ಬೇಸಿಗೆಯಲ್ಲಿ ಬಂಡೆಗಳು ಕಾಯುವುದರಿಂದ ಮಧ್ಯಾಹ್ನದ ಸಂಚಾರ ಕಷ್ಟಕರ. ಬನದ ಹುಣ್ಣಿಮೆಯಂದು ಆರಂಭವಾಗುವ ಬನಶಂಕರಿ ಜಾತ್ರೆಯ ದಿನಗಳಲ್ಲಿ ಕೊಠಡಿ ದೊರೆಯುವುದು ದುರ್ಲಭ. ಜಾತ್ರೆಯನ್ನು ನೋಡಬಯಸುವವರು ಬಹಳ ಮುಂಚಿತವಾಗಿ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು.

ಸಾರ್ವಜನಿಕರ ಗಮನಕ್ಕೆ

1. ಮರಳುಗಲ್ಲು ಮೆದುವಾದುದು. ಶಿಲ್ಪಗಳನ್ನು ಮುಟ್ಟುವುದು, ಅವುಗಳ ಮೇಲೆ ಒರಗುವುದು ಸಲ್ಲದು. ಮೂರನೆಯ ಗುಹೆಯಲ್ಲಿ ಒಂದು ಕಾಲಕ್ಕೆ ಇದ್ದ ವರ್ಣಚಿತ್ರಗಳ ಕುರುಹುಗಳು ಮಾತ್ರ ಇಂದು ಉಳಿದಿವೆ.

2. ಸಂರಕ್ಷಿತ ಸ್ಮಾರಕಗಳ ಮೇಲೆ ಹೆಸರು ಬರೆಯುವುದು, ಗೀಚುವುದು ಶಿಕ್ಷಾರ್ಹ ಅಪರಾಧ. 1958ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ ಒಂದು ಲಕ್ಷ ರೂ.ವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ.

3. ಕೋತಿಗಳ ಕಾಟವಿರುವುದರಿಂದ ತಿಂಡಿಯ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ಬೆಟ್ಟ ಹತ್ತಬಾರದು.

4. ಸಾಕಷ್ಟು ಕುಡಿಯುವ ನೀರನ್ನು ಕೊಂಡೊಯ್ಯುವುದು. ಖಾಲಿ ಬಾಟಲಿಗಳನ್ನು ಬೆಟ್ಟದ ಮೇಲಾಗಲಿ ಕೆರೆಯ ದಡದಲ್ಲಾಗಲಿ ಬಿಸಾಡದೆ ಮರಳಿ ತರತಕ್ಕದ್ದು. ಊರಿನ ಜನರು ಇಂದಿಗೂ ಕೆರೆಯ ಮೆಟ್ಟಿಲುಗಳಲ್ಲಿ ಬಟ್ಟೆ ಒಗೆಯುತ್ತಾರೆ. ಅವರ ಅನುಮತಿಯಿಲ್ಲದೆ ಭಾವಚಿತ್ರ ತೆಗೆಯಬಾರದು.