ಸ್ತನ ಪುನರ್‌ರಚನೆಯ ನಂತರದ ಚೇತರಿಕೆ: ಮನೆಯವರು ಅರಿಯಬೇಕಾದುದು

ಸ್ತನ ಕ್ಯಾನ್ಸರ್‌ನಿಂದಾಗಿ ಸ್ತನವನ್ನು ತೆಗೆಸಿಕೊಂಡ ತಾಯಂದಿರು ನಮ್ಮ ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಭಾಗದಲ್ಲಿಯೂ ಇದ್ದಾರೆ. ಅನೇಕರು ಅದನ್ನು ನೆರೆಹೊರೆಯವರಿಗೂ ತಿಳಿಸದೆ ಸೆರಗಿನ ಮರೆಯಲ್ಲಿಯೇ ನೋವನ್ನು ಇಟ್ಟುಕೊಂಡಿರುತ್ತಾರೆ. ಹೊಟ್ಟೆಯ ಅಥವಾ ಬೆನ್ನಿನ ಅಂಗಾಂಶದಿಂದ, ಇಲ್ಲವೇ ಸಿಲಿಕೋನ್ ಇಂಪ್ಲಾಂಟಿನಿಂದ ಸ್ತನದ ಆಕಾರವನ್ನು ಮರಳಿ ರಚಿಸುವ ಶಸ್ತ್ರಚಿಕಿತ್ಸೆ ಬೆಂಗಳೂರಿನಂತಹ ನಗರಗಳಲ್ಲಿ ಲಭ್ಯವಿದೆ. ಇದನ್ನು ಅಲಂಕಾರದ ಆಸೆಯೆಂದು ಹಗುರವಾಗಿ ನುಡಿಯುವವರಿದ್ದಾರೆ. ಆ ಮಾತು ಸಲ್ಲದು. ಮಾಡಿಸಿಕೊಳ್ಳುವುದೂ ಬಿಡುವುದೂ ಆ ತಾಯಿಯ ನಿರ್ಧಾರ. ಮಾಡಿಸಿಕೊಂಡ ಮೇಲೆ ಆಕೆ ಚೇತರಿಸಿಕೊಳ್ಳುವಂತೆ ನೋಡಿಕೊಳ್ಳುವ ಹೊಣೆ ಮನೆಮಂದಿಯೆಲ್ಲರದು.

ಶಸ್ತ್ರಚಿಕಿತ್ಸೆಯೆಂದರೆ ಹಿಂದಿನ ದಿನದಿಂದಲೇ ಉಪವಾಸ, ಅನಂತರ ವಾರಗಟ್ಟಲೆ ಹಾಸಿಗೆ ಎಂಬುದು ನಮ್ಮಲ್ಲಿ ಬೇರೂರಿದ ತಿಳಿವಳಿಕೆ. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಅವರು 1990ರ ದಶಕದಲ್ಲಿ ಈ ಪದ್ಧತಿಯನ್ನು ಪ್ರಶ್ನಿಸಿ, ಶೀಘ್ರ ಚೇತರಿಕೆಯ ಹೊಸ ಕ್ರಮವನ್ನು ರೂಪಿಸಿದರು. ಸ್ತನ ಪುನರ್‌ರಚನೆಗೆಂದೇ ಆ ಕ್ರಮದ ಮಾರ್ಗಸೂಚಿ 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಘನ ಆಹಾರವನ್ನು ಅರಿವಳಿಕೆಗೆ 6 ಗಂಟೆ ಮುಂಚೆ ನಿಲ್ಲಿಸಿದರೆ ಸಾಕು. ನೀರಿನಂತಹ ತಿಳಿ ಪಾನೀಯವನ್ನು 2 ಗಂಟೆ ಮುಂಚಿನವರೆಗೂ ಸೇವಿಸಬಹುದು. ಮಧುಮೇಹವಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ತಾಯಂದಿರು ಅಂದು ನಸುಕಿನಲ್ಲಿಯೇ ಪೂಜೆಯನ್ನು ಪೂರೈಸಿಕೊಳ್ಳುವುದು ಲೇಸು.

ಅದಕ್ಕೂ ಮುಂಚಿನ ಸಿದ್ಧತೆ ಇನ್ನೊಂದಿದೆ. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪು ಬೆಳೆಯುವ ನೆಲ. ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯೇ ಇದೆ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುವ ಹೆಂಗಸರು ನಮ್ಮಲ್ಲಿ ಕಡಿಮೆಯಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಸದಾಗಿ ಜೋಡಿಸಿದ ಅಂಗಾಂಶ ಬದುಕುವುದು ಆ ರಕ್ತಸಂಚಾರದಿಂದಲೇ ಆದುದರಿಂದ, ಕನಿಷ್ಠ 4 ವಾರ ಮೊದಲೇ ಇದನ್ನು ಬಿಡಬೇಕು. ಮನೆಯ ಗಂಡಸರು ಆಕೆಯ ಬಳಿ ಬೀಡಿ ಸೇದದಿರುವುದೂ ಈ ಚಿಕಿತ್ಸೆಯ ಭಾಗವೇ.

ಶಸ್ತ್ರಚಿಕಿತ್ಸೆಯಾದ ಮೊದಲ ದಿನ ದಾದಿಯರು ಗಂಟೆಗೊಮ್ಮೆ ಬಂದು ಆ ಭಾಗದ ಬಣ್ಣ, ಬಿಸುಪುಗಳನ್ನು ಪರೀಕ್ಷಿಸುತ್ತಾರೆ. ನಿದ್ದೆಗೆಡಿಸುತ್ತಾರೆಂದು ಅವರ ಮೇಲೆ ಸಿಡಿಮಿಡಿಗೊಳ್ಳಬಾರದು. ಚರ್ಮ ನೀಲಿಗಟ್ಟಿದರೆ, ಬಿಳಿಚಿದರೆ, ತಣ್ಣಗಾದರೆ ರಕ್ತಸಂಚಾರಕ್ಕೆ ತಡೆಯಾಗಿರಬಹುದು. ತಕ್ಷಣ ಮರಳಿ ಶಸ್ತ್ರಚಿಕಿತ್ಸೆ ಮಾಡಿದರೆ ಅದನ್ನು ಉಳಿಸಿಕೊಳ್ಳುವ ಸಾಧ್ಯತೆಯಿರುತ್ತದೆ. ನೋವಿಗೆ ಒಂದೇ ಪ್ರಬಲ ಮದ್ದನ್ನು ನೆಚ್ಚದೆ, ಪ್ಯಾರಾಸಿಟಮಾಲ್ ಮೊದಲಾದ ಹಲವು ಔಷಧಗಳನ್ನು ಹೊಂದಿಸಿ ಕೊಡುವುದು ಈ ಕ್ರಮದ ರೀತಿ. ಇದರಿಂದ ಮಂಪರು, ವಾಕರಿಕೆಗಳು ತಗ್ಗಿ ಬೇಗನೆ ಊಟ ಸೇರುತ್ತದೆ. 24 ಗಂಟೆಯೊಳಗೆ ಆಸರೆ ಹಿಡಿದು ನಾಲ್ಕು ಹೆಜ್ಜೆ ನಡೆಸುತ್ತಾರೆ. "ಅಯ್ಯೋ, ಹಸಿ ಗಾಯ, ಮಲಗಿರಲಿ ಬಿಡಿ" ಎಂದು ನಾವು ಅಡ್ಡಬರುವುದು ಅಕ್ಕರೆಯಿಂದಲೇ. ಆದರೆ ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು.

ಮನೆಗೆ ಬಂದ ಮೇಲೆ ಬಾಣಂತಿಯ ಪಥ್ಯವನ್ನು ಇಲ್ಲಿಗೂ ತಂದು ಬರೀ ಗಂಜಿ ಕೊಡುವುದು ಬೇಡ. ಗಾಯ ಮಾಯಲು ಬೇಳೆ, ಹಾಲು, ಮೊಸರು, ಮೊಳಕೆಕಾಳು ಬೇಕು. ದ್ರವ ಹೊರಬರಲು ಇಟ್ಟ ಕೊಳವೆಯೊಡನೆಯೇ ಕೆಲವರನ್ನು ಕಳುಹಿಸುತ್ತಾರೆ. ದಿನವೂ ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಬಹಳ ಮುಖ್ಯವಾದ ಮಾತೊಂದು: ಹೊಸ ಸ್ತನದಲ್ಲಿ ಸ್ಪರ್ಶಜ್ಞಾನ ಕಡಿಮೆ. ಬಿಸಿನೀರಿನ ಚೀಲದಿಂದ ಶಾಖ ಕೊಟ್ಟರೆ ಸುಟ್ಟದ್ದೂ ಆಕೆಗೆ ತಿಳಿಯದು.

ಜ್ವರ, ಕೀವು, ಏಕಾಏಕಿ ಊತ, ಕಾಲುನೋವು, ಉಸಿರಾಟದ ತೊಂದರೆ ಕಂಡರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಬಾರದು. ಬೆಂಗಳೂರು ದೂರವೆನಿಸಿದರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗಾದರೂ ಕೂಡಲೇ ಹೋಗಬೇಕು. ಬಿಡುಗಡೆಯ ಚೀಟಿ ಜೊತೆಯಲ್ಲಿರಲಿ. ಆ ಚೀಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ವಾರ್ಡನ್ನು ಬಿಡುವ ಮುನ್ನ ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಂಡು, ಕರೆ ಮಾಡಬೇಕಾದ ದೂರವಾಣಿ ಸಂಖ್ಯೆಯನ್ನೂ ಬರೆಸಿಕೊಂಡು ಬನ್ನಿ.