ಮೌನಿ ಫಿನ್ನರ ಮಾತಿನ ಮನೆ, ಸೌನಾ

ಹೆಲ್ಸಿಂಕಿಯ ಬಸ್ ನಿಲ್ದಾಣದಲ್ಲಿ ಐದಾರು ಮಂದಿ ನಿಂತಿದ್ದರೆ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದೆರಡು ಮಾರು ಜಾಗ ಬಿಟ್ಟಿರುತ್ತದೆ. ಯಾರೂ ಯಾರನ್ನೂ ‘ಎಲ್ಲಿಗೆ ಹೊರಟಿರಿ’ ಎಂದು ಕೇಳುವುದಿಲ್ಲ. ಬಸ್ಸಿನೊಳಗೆ ಬೇರೆ ಸೀಟು ಖಾಲಿ ಇದ್ದರೆ ಇನ್ನೊಬ್ಬರ ಪಕ್ಕ ಹೋಗಿ ಕೂರುವುದೂ ಇಲ್ಲ. ರೈಲಿನಲ್ಲಿ ಎದುರಿಗೆ ಕೂತವರ ಊರು, ಕೆಲಸ, ಮಕ್ಕಳು ಮರಿ ಎಲ್ಲವನ್ನೂ ವಿಚಾರಿಸಿ ರೂಢಿಯಿರುವ ನಮಗೆ ಮೊದಮೊದಲು ಇದು ಬಿಗುಮಾನದಂತೆ ಕಾಣುತ್ತದೆ. ಇದೇ ಜನ ಶನಿವಾರ ಸಂಜೆ ಮರದ ಪುಟ್ಟ ಕೋಣೆಯಲ್ಲಿ, ಮೈಮೇಲೆ ನೂಲೆಳೆಯೂ ಇಲ್ಲದೆ, ಭುಜಕ್ಕೆ ಭುಜ ತಾಗುವಂತೆ ಕೂತು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಆ ಕೋಣೆಯೇ ಸೌನಾ. ಫಿನ್ನರನ್ನು ಅರಿಯಬೇಕೆಂದರೆ ಅಲ್ಲಿಗೇ ಹೋಗಬೇಕು.

ಸುಮಾರು 55 ಲಕ್ಷ ಜನರಿರುವ ಫಿನ್ಲೆಂಡಿನಲ್ಲಿ ಸೌನಾಗಳ ಸಂಖ್ಯೆ 33 ಲಕ್ಷ ಎಂಬ ಅಂದಾಜಿದೆ. ದೇಶದ ಜನರೆಲ್ಲ ಒಂದೇ ಹೊತ್ತಿಗೆ ಸೌನಾಕ್ಕೆ ಹೊರಟರೂ ಜಾಗ ಸಾಲದೆ ಬರುವುದಿಲ್ಲ. ಕೆರೆ ದಂಡೆಯ ಬೇಸಿಗೆ ಮನೆಗೆ ಸೌನಾ ಇರಲೇಬೇಕು. ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರಿಗೂ ಸೇರಿದ ಒಂದು ಸೌನಾ ಇದ್ದು, ವಾರದಲ್ಲಿ ಇಂಥ ದಿನ ಇಂಥ ಗಂಟೆ ಎಂದು ಪ್ರತಿ ಮನೆಗೂ ಸರದಿ ಕೊಡುತ್ತಾರೆ. ಸಂಸತ್ ಭವನದೊಳಗೂ ಒಂದಿದೆ. ಶಾಂತಿಪಾಲನೆಗೆಂದು ಪರದೇಶಕ್ಕೆ ಹೋದ ಫಿನ್ನಿಶ್ ಸೈನಿಕರು ಸುಡುವ ಮರುಭೂಮಿಯಲ್ಲೂ ಸೌನಾ ಕಟ್ಟಿಕೊಂಡಿದ್ದಾರೆ.

ಇದರ ಏರ್ಪಾಡು ತೀರ ಸರಳ. ಮರದ ಹಲಗೆಯ ಗೋಡೆ, ಮೆಟ್ಟಿಲು ಮೆಟ್ಟಿಲಾಗಿ ಏರುವ ಬೆಂಚುಗಳು, ಮೂಲೆಯಲ್ಲಿ ಕಲ್ಲು ಹೇರಿದ ಒಲೆ. ಒಲೆಗೆ ಸೌದೆಯೂ ಆಗಬಹುದು, ವಿದ್ಯುತ್ತೂ ಆಗಬಹುದು. ಕೋಣೆಯ ಶಾಖ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಕಾದ ಕಲ್ಲಿನ ಮೇಲೆ ಸೌಟಿನಿಂದ ನೀರು ಹೊಯ್ಯುತ್ತಾರೆ. ಚುಯ್ ಎಂದು ಎದ್ದ ಹಬೆ ಸೂರಿಗೆ ಬಡಿದು, ಕೂತವರ ಬೆನ್ನು, ಕಿವಿ, ಕೆನ್ನೆಯ ಮೇಲೆ ಇಳಿಯುತ್ತದೆ. ಈ ಹಬೆಗೆ ‘ಲೋಯ್ಲು’ ಎಂದು ಹೆಸರು. ಒಳ್ಳೆಯ ಸೌನಾ ಯಾವುದು ಎಂದು ಫಿನ್ನರು ಅಳೆಯುವುದು ಥರ್ಮಾಮೀಟರಿನಿಂದಲ್ಲ, ಈ ಹಬೆಯ ಮೆದುತನದಿಂದ. ಎಳೆಯ ಬರ್ಚ್ ಕೊಂಬೆಗಳ ಕಟ್ಟಿನಿಂದ ಮೈಯನ್ನು ಮೆಲ್ಲಗೆ ಬಡಿದುಕೊಂಡರೆ ಕೋಣೆಯ ತುಂಬ ಎಲೆಯ ಪರಿಮಳ. ಬೆವರು ಹರಿದ ಮೇಲೆ ಹೊರಗೆ ಬಂದು ಕೆರೆಗೆ ಹಾರುತ್ತಾರೆ. ಚಳಿಗಾಲವಾದರೆ ಹೆಪ್ಪುಗಟ್ಟಿದ ಕೆರೆಯಲ್ಲಿ ಮಂಜುಗಡ್ಡೆ ಕೊರೆದು ಮಾಡಿದ ಕಿಂಡಿಗೆ ಇಳಿಯುತ್ತಾರೆ. ಮತ್ತೆ ಒಳಗೆ, ಮತ್ತೆ ಹೊರಗೆ. ಹೀಗೆ ಸಂಜೆ ಕಳೆಯುತ್ತದೆ.

ಹಳೆಯ ಕಾಲದ ಹೊಗೆ ಸೌನಾಕ್ಕೆ ಚಿಮಣಿಯೇ ಇರುವುದಿಲ್ಲ. ಗಂಟೆಗಟ್ಟಲೆ ಸೌದೆ ಉರಿಸಿ, ಬೆಂಕಿ ಆರಿ ಹೊಗೆ ಹೊರಗೆ ಹೋದ ಮೇಲೆ ಜನ ಒಳಗೆ ಹೋಗುತ್ತಾರೆ. ಗೋಡೆ ಕಾಡಿಗೆಯಂತೆ ಕಪ್ಪಾಗಿದ್ದರೂ ಹಳ್ಳಿಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ, ಚೊಕ್ಕಟವಾದ ಜಾಗ ಇನ್ನೊಂದಿರಲಿಲ್ಲ. ಅದಕ್ಕೇ ಹೆರಿಗೆ ಅಲ್ಲಿ ಆಗುತ್ತಿತ್ತು. ಸತ್ತವರನ್ನು ತೊಳೆದು ಮಣ್ಣಿಗೆ ಅಣಿಗೊಳಿಸುವುದೂ ಅಲ್ಲೇ. ಸೌನಾದಲ್ಲಿ ಚರ್ಚಿನೊಳಗೆ ಇದ್ದಂತೆ ಇರಬೇಕು ಎಂದು ಹಿರಿಯರು ಮಕ್ಕಳಿಗೆ ಈಗಲೂ ಹೇಳುತ್ತಾರೆ. ನಮ್ಮಲ್ಲಿ ನರಕ ಚತುರ್ದಶಿಗೆ ಅಭ್ಯಂಜನ ಹೇಗೋ ಅಲ್ಲಿ ಕ್ರಿಸ್‌ಮಸ್ ಹಿಂದಿನ ದಿನಕ್ಕೆ ಸೌನಾ ಹಾಗೆ. ಕೊನೆಯ ಹಬೆಯನ್ನು ಸೌನಾ ಕಾಯುವ ಕುಳ್ಳ ದೇವತೆಗೆ ಬಿಟ್ಟು ಬರುವ ಮನೆಗಳೂ ಇವೆ.

ಬಟ್ಟೆಯ ಜತೆ ಹುದ್ದೆಯನ್ನೂ ಹೊರಗೆ ತೂಗುಹಾಕಿ ಬರಬೇಕೆಂಬುದು ಸೌನಾದ ನಿಯಮ. ಮೇಲಧಿಕಾರಿಯೂ ಗುಮಾಸ್ತನೂ ಅಲ್ಲಿ ಒಂದೇ ಬೆಂಚಿನವರು. ಅವರಾಡುವ ಭಾಷೆಯೂ ಇದಕ್ಕೆ ಒಪ್ಪುತ್ತದೆ. ‘ಅವನು’, ‘ಅವಳು’ ಎರಡಕ್ಕೂ ಫಿನ್ನಿಶ್‌ನಲ್ಲಿ ಇರುವುದು ‘ಹ್ಯಾನ್’ ಎಂಬ ಒಂದೇ ಪದ. ಹದಿನೈದು ವಿಭಕ್ತಿಗಳಿರುವ ಈ ಭಾಷೆಗೆ ಯುರೋಪಿನ ಅನೇಕರು ಹೆದರುತ್ತಾರೆ. ಕನ್ನಡಿಗರು ಅಷ್ಟು ಹೆದರಬೇಕಿಲ್ಲ. ‘ಸೌನಾದಲ್ಲಿ’ ಎನ್ನಲು ‘ಸೌನಸ್ಸ’, ‘ಸೌನಾದಿಂದ’ ಎನ್ನಲು ‘ಸೌನಸ್ತ’. ನಾಮಪದದ ಬಾಲಕ್ಕೆ ಪ್ರತ್ಯಯ ಅಂಟಿಸುವುದು ನಮಗೆ ಹೊಸದೇನಲ್ಲ.

ರಾಜಕಾರಣಕ್ಕೂ ಈ ಕೋಣೆ ಬಳಕೆಯಾಗಿದೆ. 1960ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಉರ್ಹೊ ಕೆಕ್ಕೊನೆನ್ ಅವರ 60ನೇ ಹುಟ್ಟುಹಬ್ಬಕ್ಕೆ ಬಂದ ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ಅವರ ಜತೆ ರಾತ್ರಿಯ ಮಾತುಕತೆ ನಡೆದದ್ದು ಸೌನಾದಲ್ಲಿ. ಪಶ್ಚಿಮ ಯುರೋಪಿನೊಡನೆ ವ್ಯಾಪಾರ ಮಾಡಲು ನೆರೆಯ ದೈತ್ಯನ ಸಮ್ಮತಿ ಫಿನ್ಲೆಂಡಿಗೆ ಬೇಕಿತ್ತು. ಮರುವರ್ಷ ಅದು ಯುರೋಪಿಯನ್ ಮುಕ್ತ ವ್ಯಾಪಾರ ಸಂಘದ ಸಹಸದಸ್ಯನಾಯಿತು.

ಮನೆಮನೆಗೂ ಸೌನಾ ಬಂದ ಮೇಲೆ ಊರಿನ ಸಾರ್ವಜನಿಕ ಸೌನಾಗಳು ಒಂದೊಂದಾಗಿ ಮುಚ್ಚಿದವು. ಉಳಿದವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಟಾಂಪೆರೆ ನಗರದ ರಾಯಪೋರ್ಟಿ. 1906ರಿಂದ ಅದರ ಒಲೆ ಉರಿಯುತ್ತಿದೆ. ಹೆಲ್ಸಿಂಕಿಯ ಕೋಟಿಹಾರ್ಯು 1928ರದು. ಈಗ ಗಾಳಿ ಮತ್ತೆ ತಿರುಗಿದೆ. 2016ರಲ್ಲಿ ಹೆಲ್ಸಿಂಕಿಯ ಕಡಲ ದಂಡೆಯಲ್ಲಿ ‘ಲೋಯ್ಲು’ ಹೆಸರಿನದೇ ಹೊಸ ಸಾರ್ವಜನಿಕ ಸೌನಾ ತೆರೆಯಿತು. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಫಿನ್ನರ ಸೌನಾ ಸಂಸ್ಕೃತಿಯನ್ನು ಸೇರಿಸಿತು. ಆ ಪಟ್ಟಿಗೆ ಫಿನ್ಲೆಂಡಿನಿಂದ ಹೋದ ಮೊದಲ ಹೆಸರು ಇದೇ.

ಪೂರ್ವ ಫಿನ್ಲೆಂಡಿನ 2,315 ಗಂಡಸರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಸೌನಾ ಮಾಡುವವರಿಗಿಂತ ನಾಲ್ಕರಿಂದ ಏಳು ಸಲ ಮಾಡುವವರಲ್ಲಿ ಹೃದ್ರೋಗದ ಸಾವು ಕಡಿಮೆ ಕಂಡಿತು. ಹಾಗೆಂದು ಇದು ಪಂದ್ಯವಲ್ಲ. ಹೈನೊಲಾ ಊರಿನಲ್ಲಿ 110 ಡಿಗ್ರಿ ಶಾಖದಲ್ಲಿ ಯಾರು ಹೆಚ್ಚು ಹೊತ್ತು ಕೂರುತ್ತಾರೆಂಬ ವಿಶ್ವ ಸ್ಪರ್ಧೆ ನಡೆಯುತ್ತಿತ್ತು. 2010ರಲ್ಲಿ ಸ್ಪರ್ಧಿಯೊಬ್ಬ ಸತ್ತ ಮೇಲೆ ಅದು ನಿಂತಿತು.

ಫಿನ್ಲೆಂಡಿಗೆ ಓದಲೋ ದುಡಿಯಲೋ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ಯಾರಾದರೂ ಸೌನಾಕ್ಕೆ ಕರೆದರೆ ಅದು ಬರೀ ಸ್ನಾನದ ಕರೆಯಲ್ಲ, ಸ್ನೇಹದ ಕರೆ. ಮನೆಯವರ ಹೊರತು ಗಂಡಸರು ಹೆಂಗಸರು ಬೇರೆ ಬೇರೆಯಾಗಿ ಹೋಗುವುದೇ ಸಾಮಾನ್ಯ ಪದ್ಧತಿ, ಮುಜುಗರವಾದರೆ ಟವೆಲ್ ಸುತ್ತಿಕೊಂಡರೂ ಯಾರೂ ತಪ್ಪು ತಿಳಿಯುವುದಿಲ್ಲ. ಮೊದಲು ಮೈ ತೊಳೆದುಕೊಳ್ಳಿ, ಕೆಳಗಿನ ಬೆಂಚಿನಲ್ಲಿ ಟವೆಲ್ ಹಾಸಿ ಕೂರಿ, ಕೇಳಿಕೊಂಡೇ ಕಲ್ಲಿಗೆ ನೀರು ಹೊಯ್ಯಿರಿ, ತಲೆ ಸುತ್ತುವ ಮೊದಲೇ ಹೊರಗೆ ಬನ್ನಿ. ನಾಚಿಕೊಂಡು ಬೇಡವೆನ್ನಬೇಡಿ. ವರ್ಷವಿಡೀ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದರೂ ಆಗದ ಪರಿಚಯ ಅಲ್ಲಿ ಒಂದೇ ಸಂಜೆಯಲ್ಲಿ ಆಗುತ್ತದೆ.